ಬಯಲುಸೀಮೆಯಲ್ಲಿ ಕಡಲಿನ ಮರಿಗಳು

ಹಳೆಯ ವಿದ್ಯಾರ್ಥಿನಿಯರು ತಮ್ಮ ಗೃಹಕೃತ್ಯಗಳ ನಡುವೆ ಕಂಡುಕೊಂಡ ಯಾವುದಾದರೊಂದು ವಿಷಯವನ್ನು ಈ ಸಂಚಿಕೆಗೆ ಬರೆಯಬೇಕೆಂದು ಅಪ್ಪಣೆಯಾಗಿದೆ. ನಾನು ಬರೆಯಲಿರುವುದು ಕಡಲಿನ ಮೀನುಗಳನ್ನು ಕುರಿತು. ಮಧುಗಿರಿಯವಳಿಗೆ ಕಡಲಿನ ಗೊಡವೆ ಏಕೆಂದು ಸೋದರಿಯರು ನಗಬಹುದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳಲ್ಲಿ ಬೆಳೆದ ನಾವು ಕೆರೆ ಕೋಡಿ ಬಿದ್ದುದನ್ನೇ ಹಬ್ಬವೆಂದು ನೋಡಲು ಓಡಿದವರು. ಸಮುದ್ರವು ನಮಗೆ ಭೂಗೋಳದ ಪಾಠದಲ್ಲಿ ಮಾತ್ರ ಇತ್ತು.

ನಮ್ಮ ಗಾಜಿನ ತೊಟ್ಟಿಯಲ್ಲಿರುವುದು ಕ್ಲೌನ್ ಮೀನಿನ ಒಂದು ಜೋಡಿ. ಕಿತ್ತಳೆಯ ಬಣ್ಣದ ಮೈಗೆ ಮೂರು ಬಿಳಿಯ ಪಟ್ಟೆ. ಈ ಜಾತಿಯಲ್ಲಿ ಮರಿಗಳೆಲ್ಲವೂ ಮೊದಲು ಗಂಡಾಗಿ ಬೆಳೆಯುವುವು. ಗುಂಪಿನಲ್ಲಿ ದೊಡ್ಡದಾದುದು ಹೆಣ್ಣಾಗುವುದು. ಮೊಟ್ಟೆಯಿಡಲು ಕುಂಬಾರನ ಒಂದು ಸಣ್ಣ ಕುಡಿಕೆ ಸಾಕು. ಗಂಡುಮೀನು ಹಗಲೆಲ್ಲ ರೆಕ್ಕೆಯಿಂದ ಮೊಟ್ಟೆಗಳಿಗೆ ಗಾಳಿ ಬೀಸುತ್ತ, ಕೆಟ್ಟುದನ್ನು ಆರಿಸಿ ತೆಗೆಯುತ್ತ ಕಾವಲಿರುವುದು. ಸುಮಾರು ಒಂದು ವಾರವಾದ ಮೇಲೆ, ದೀಪವಾರಿಸಿದ ಕತ್ತಲೆಯಲ್ಲಿ ಮರಿಗಳು ಹೊರಬರುವುವು.

ಕಷ್ಟವಿರುವುದು ಅನಂತರ. ಮರಿಗಳ ಬಾಯಿ ಅತಿ ಸಣ್ಣದು. ರೋಟಿಫರ್ ಎಂಬ ಕಣ್ಣಿಗೆ ಕಾಣಿಸದಷ್ಟು ಸಣ್ಣ ಜೀವಿಯೇ ಅವುಗಳ ಮೊದಲ ಆಹಾರ. ಆ ಜೀವಿಗಳಿಗೆ ಹಸುರು ಪಾಚಿಯ ನೀರನ್ನು ಬೆಳೆಸಿಕೊಡಬೇಕು. ರಾತ್ರಿ ವಿದ್ಯುತ್ತು ಹೋದರೆ ಗಾಳಿಯ ಯಂತ್ರ ನಿಲ್ಲುವುದರಿಂದ, ಬ್ಯಾಟರಿಯ ಯಂತ್ರವೊಂದು ಕೈಯೆಟಕಿನಲ್ಲಿರಬೇಕು. ಮೊದಲ ಮೂರು ಸಲ ನಮ್ಮಲ್ಲಿ ಒಂದು ಮರಿಯೂ ಉಳಿಯಲಿಲ್ಲ. ನಾಲ್ಕನೆಯ ಸಲ 14 ಉಳಿದವು. ಎರಡು ವಾರಗಳೊಳಗಾಗಿ ಅವುಗಳ ಮೈಮೇಲೆ ಬಿಳಿಯ ಪಟ್ಟೆ ಮೂಡಿತು.

ಆದರೆ ನನ್ನನ್ನು ಹೆಚ್ಚು ಕಾಡಿದುದು ನಮ್ಮ ಅತ್ತೆಯವರ ಮಾತು. "ಏನಮ್ಮಾ, ಕುಡಿಯೋ ನೀರಿಗೇ ತತ್ವಾರ, ನೀನು ಮೀನಿಗೆ ಉಪ್ಪು ಕಲಸ್ತಾ ಕೂತಿದ್ದೀಯಲ್ಲ!" ಎಂದರು. ಮಾತು ಸುಳ್ಳಲ್ಲ. ನಮ್ಮ ಸೀಮೆಯ ಕೊಳವೆಬಾವಿಗಳ ನೀರು ಗಡಸು. ಪಾವಗಡದ ಕಡೆ ಫ್ಲೋರೈಡೂ ಅಧಿಕ. ಅದನ್ನು ಯಂತ್ರದಲ್ಲಿ ಶುದ್ಧಿಮಾಡಿ, ಲೀಟರಿಗೆ ಸುಮಾರು 35 ಗ್ರಾಂ ಸಮುದ್ರಲವಣವನ್ನು ಬೆರೆಸಬೇಕು. ಅಡಿಗೆಯ ಉಪ್ಪು ಇದಕ್ಕೆ ಬಾರದು. ಬೇಸಿಗೆಯಲ್ಲಿ ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲಿಯೇ ಉಳಿಯುವುದರಿಂದ, ಇಳಿದಷ್ಟು ಸಿಹಿನೀರನ್ನೇ ತುಂಬಬೇಕು.

ಆದುದರಿಂದ ನೀರಿಗೆ ಲೆಕ್ಕವಿಟ್ಟೆ. 100 ಲೀಟರಿನ ತೊಟ್ಟಿಗೆ ವಾರಕ್ಕೆ 10 ಲೀಟರು ಬದಲಾವಣೆ. ಯಂತ್ರವು ಹೊರಬಿಡುವ ನೀರಿನಿಂದ ಅಂಗಳ ತೊಳೆಯುವೆವು. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನಾದರೋ ಗಿಡಕ್ಕೆ ಹಾಕುವಂತಿಲ್ಲ, ಬಾವಿಗೂ ಕೆರೆಗೂ ಬಿಡುವಂತಿಲ್ಲ, ನೆಲ ಚೌಳಾಗುವುದು. ಅದನ್ನು ಅಗಲವಾದ ಬಾನಿಗಳಲ್ಲಿ ಬಿಸಿಲಿಗಿಟ್ಟು ಒಣಗಿಸಿ, ಉಳಿದ ಉಪ್ಪನ್ನು ಗೋರಿ ಬೇರೆಯಾಗಿ ಕಟ್ಟಿಡುತ್ತೇನೆ. ಈ ಕ್ರಮವನ್ನು ಕಂಡ ಮೇಲೆ ಅತ್ತೆಯವರೇ ಬಾನಿಗಳನ್ನು ಬಿಸಿಲಿಗೆ ಸರಿಸತೊಡಗಿದರು.

ಅಲಂಕಾರದ ಕಡಲಮೀನುಗಳಲ್ಲಿ ಬಹುಪಾಲನ್ನು ಹವಳದ ದಿಬ್ಬಗಳಿಂದಲೇ ಹಿಡಿದು ತರುವರು. 1947ರಲ್ಲಿ ಸ್ಥಾಪಿತವಾದ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾಲಯದವರು ಮಂಡಪಂನಲ್ಲಿ ಕ್ಲೌನ್ ಮೀನಿನ ಮರಿಮಾಡಿಸುವ ವಿಧಾನವನ್ನು ರೂಢಿಸಿದ್ದಾರೆ. ಮನೆಯಲ್ಲಿ ಹುಟ್ಟಿದ ಮರಿಯೊಂದು ಇನ್ನೊಬ್ಬರ ಮನೆಗೆ ಹೋದರೆ, ಕಡಲಿನಲ್ಲಿ ಒಂದು ಮೀನು ತನ್ನ ಠಾವಿನಲ್ಲಿಯೇ ಉಳಿಯಬಹುದು.

ತಾಯಿತಂದೆಗಳಲ್ಲಿ ನನ್ನದೊಂದು ವಿಜ್ಞಾಪನೆ. ಹೆಣ್ಣುಮಗಳು ಇಂಥ ಹವ್ಯಾಸವನ್ನು ಕೇಳಿದರೆ ಕೂಡಲೇ ಬೇಡವೆನ್ನದಿರಿ. ತಂದ ನೀರೆಷ್ಟು, ಬಳಸಿದುದೆಷ್ಟು, ಚೆಲ್ಲುವುದೆಲ್ಲಿಗೆ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿರಿ. ಉತ್ತರವನ್ನು ಅವಳೇ ಬರೆದುಕೊಂಡು ಬಂದಳಾದರೆ, ತೊಟ್ಟಿಯನ್ನು ಧಾರಾಳವಾಗಿ ಕೊಡಿಸಿರಿ.