ಹಗ್ಗ ಕಟ್ಟಿದವರು ಯಾರು?

‘ಶರಣಾಗು’ ಎಂಬ ಮಾತನ್ನು ಪೊಲೀಸರೂ ಆಡುತ್ತಾರೆ, ಸಂತರೂ ಆಡುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಆರೋಪಿ ನ್ಯಾಯಾಲಯಕ್ಕೆ ಶರಣಾಗುತ್ತಾನೆ, ಭಕ್ತ ದೇವರಿಗೆ ಶರಣಾಗುತ್ತಾನೆ, ಸಾಲ ತೀರಿಸಲಾಗದ ರೈತ ನೇಣಿಗೆ ಶರಣಾಗುತ್ತಾನೆ. ಮೂವರಿಗೂ ಒಂದೇ ಪದ. ಓದಿ ಓದಿ ನಮಗದು ರೂಢಿಯಾಗಿಬಿಟ್ಟಿದೆ. ಈ ಮೂರನ್ನೂ ಬಿಡಿಸಿ ನೋಡಬೇಕೆಂದು ನನಗೆ ಅನ್ನಿಸಿದ್ದು ಒಂದು ಇಸ್ಪೀಟೆಲೆಯಿಂದ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗಳು ರಜೆಗೆಂದು ಪರಶುರಾಂಪುರಕ್ಕೆ ಬಂದಿದ್ದಳು. ಅವಳ ಬ್ಯಾಗಿನಲ್ಲಿ ಗೆಳತಿ ಕೊಟ್ಟ ಟ್ಯಾರೋ ಎಲೆಗಳ ಕಟ್ಟೊಂದಿತ್ತು. ಅದರೊಳಗಿನ 12ನೆಯ ಎಲೆಯನ್ನು ನನ್ನ ಮುಂದಿಟ್ಟಳು. ಎಲೆ ಚಿಗುರಿದ ಮರದ ಅಡ್ಡತೊಲೆಗೆ ಒಂದು ಕಾಲು ಕಟ್ಟಿಸಿಕೊಂಡು ತಲೆಕೆಳಗಾಗಿ ಜೋತಾಡುತ್ತಿರುವ ಯುವಕ. ಕೈಗಳು ಬೆನ್ನ ಹಿಂದೆ, ಇನ್ನೊಂದು ಕಾಲು ಮಡಚಿದೆ. ಆದರೆ ಮುಖದಲ್ಲಿ ನೋವಿಲ್ಲ. ತಲೆಯ ಸುತ್ತ ಸಂತರಿಗೆ ಬರೆಯುವಂಥ ಪ್ರಭಾವಳಿ.

“ಮಾಮು, ಈ ಎಲೆ ಬಂದ್ರೆ ಶರಣಾಗಬೇಕು ಅಂತ ಅರ್ಥವಂತೆ. ಹಟ ಬಿಟ್ಟು ಒಪ್ಕೊಂಡುಬಿಡು ಅಂತ” ಎಂದಳು. ಅವಳಿಗೆ ಆಗ ಒಂದು ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಮದುವೆಯಾದ ಮೇಲೆ ಕೆಲಸ ಬಿಡಬೇಕೆಂದಿದ್ದರು. ನಮ್ಮ ಮನೆಯ ಹಿರಿಯರು “ನಸೀಬಿನಲ್ಲಿದ್ದದ್ದು ಆಗುತ್ತೆ, ಒಪ್ಕೋ ಬೇಟಿ” ಎನ್ನುತ್ತಿದ್ದರು. ಅವಳು ಎಲೆಯ ಅರ್ಥ ಕೇಳುತ್ತಿರಲಿಲ್ಲ, ಇದನ್ನು ಕೇಳುತ್ತಿದ್ದಳು.

ಎಲೆ ಹಾಕಿ ಭವಿಷ್ಯ ಕೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಬಾಣ ಎಸೆದು ವಿಧಿ ಕೇಳುವುದನ್ನು ಕುರ್‌ಆನ್ ನಿಷೇಧಿಸಿದೆ. ಆದರೆ ಚಿತ್ರಕ್ಕೊಂದು ಚರಿತ್ರೆ ಇರುತ್ತದಲ್ಲ, ಅದನ್ನು ಓದಬಹುದು. ಯುರೋಪಿಗೆ ಇಸ್ಪೀಟು ಹೋದದ್ದು ಮುಸ್ಲಿಂ ನಾಡುಗಳಿಂದ. ಈಜಿಪ್ಟಿನ ಮಾಮ್ಲೂಕರ ಕಾಲದ ಎಲೆಗಳನ್ನು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಇಂದಿಗೂ ಇಟ್ಟಿದ್ದಾರೆ. ನಮ್ಮ ಮೈಸೂರಿನ ಗಂಜೀಫಾ ಎಲೆಗಳ ಹೆಸರೂ ಪಾರಸಿಯಿಂದ ಬಂದದ್ದೇ. ಟ್ಯಾರೋ ಕೂಡ ಮೊದಲಿಗೆ 15ನೇ ಶತಮಾನದ ಉತ್ತರ ಇಟಲಿಯ ಒಂದು ಆಟ, ಅಷ್ಟೆ. ಅದಕ್ಕೆ ಭವಿಷ್ಯದ ಬಣ್ಣ ಹತ್ತಿದ್ದು 18ನೇ ಶತಮಾನದಲ್ಲಿ.

ಆ ಹಳೆಯ ಎಲೆಗಳಲ್ಲಿ ಈ ಜೋತಾಡುವವನಿಗಿದ್ದ ಒಂದು ಹೆಸರು ‘ದ್ರೋಹಿ’. ಇಟಲಿಯ ನಗರಗಳಲ್ಲಿ ದ್ರೋಹ ಬಗೆದವರ, ಸಾಲ ಮುಳುಗಿಸಿದವರ ಚಿತ್ರವನ್ನು ತಲೆಕೆಳಗಾಗಿ ಸಾರ್ವಜನಿಕ ಗೋಡೆಗಳ ಮೇಲೆ ಬರೆಸುತ್ತಿದ್ದರು. ಮನುಷ್ಯ ಕೈಗೆ ಸಿಗದಿದ್ದರೆ ಅವನ ಮಾನವನ್ನಾದರೂ ನೇತುಹಾಕುವ ಶಿಕ್ಷೆ ಅದು. 1440ರಲ್ಲಿ ಫ್ಲಾರೆನ್ಸಿನಲ್ಲಿ ಬಂಡಾಯಗಾರರನ್ನು ಹೀಗೆ ಬರೆದ ಕಲಾವಿದನಿಗೆ ‘ನೇಣಿನವರ ಅಂದ್ರೆಯಾ’ ಎಂಬ ಅಡ್ಡಹೆಸರೇ ಬಿತ್ತು. ತಲೆಯ ಸುತ್ತ ಪ್ರಭಾವಳಿ ಬಂದದ್ದು ಬಹಳ ತಡವಾಗಿ. 1909ರಲ್ಲಿ ಲಂಡನ್ನಿನಲ್ಲಿ ವೇಟ್ ಎಂಬವನ ಮಾರ್ಗದರ್ಶನದಲ್ಲಿ ಪಮೇಲಾ ಕೋಲ್‌ಮನ್ ಸ್ಮಿತ್ ಎಂಬ ಚಿತ್ರಗಾರ್ತಿ ಬರೆದ ಎಲೆಯೇ ಇಂದು ಎಲ್ಲೆಡೆ ಚಾಲ್ತಿಯಲ್ಲಿದೆ. ನನ್ನ ಕೈಯಲ್ಲಿದ್ದದ್ದೂ ಅದೇ. ಅಂದರೆ ಭಂಗಿ ಒಂದೇ, ಅರ್ಥ ಎರಡು. ಅವನನ್ನು ಬೇರೆಯವರು ಕಟ್ಟಿದ್ದರೆ ಅವನು ಶಿಕ್ಷೆಗೊಳಗಾದವನು. ತಾನೇ ಕಟ್ಟಿಕೊಂಡಿದ್ದರೆ ಶರಣ.

ಇದನ್ನು ತಿಳಿಯಲು ನಾವು ಇಟಲಿಗೆ ಹೋಗಬೇಕಿಲ್ಲ. ನಮ್ಮಲ್ಲೇ ‘ಸಿಡಿ’ ಇತ್ತು. ಬೆನ್ನಿನ ಚರ್ಮಕ್ಕೆ ಕೊಂಡಿ ಸಿಕ್ಕಿಸಿಕೊಂಡು ಎತ್ತರದ ಕಂಬದ ತೊಲೆಗೆ ಜೋತುಬಿದ್ದು ತಿರುಗುವುದು. ಬ್ರಿಟಿಷರ ಕಾಲದಲ್ಲಿ ಕೊಂಡಿಗೆ ತಡೆ ಬಿತ್ತು. ಈಗ ಉಳಿದಿರುವ ಅನೇಕ ಕಡೆ ಸೊಂಟಕ್ಕೆ ಬಟ್ಟೆ ಕಟ್ಟುತ್ತಾರೆ. ಹರಕೆ ಊರಿನದು, ಜೋತಾಡುವ ಪಾಳಿ ಮಾತ್ರ ಎಷ್ಟೋ ಕಡೆ ದಲಿತರದು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ದಲಿತ ಸಂಘಟನೆಗಳು ವಿರೋಧಿಸಿದಾಗಲೂ ಪ್ರಶ್ನೆ ಇದೇ ಆಗಿತ್ತು: ಭಕ್ತಿ ಎಲ್ಲರದಾದರೆ ಅವಮಾನ ಬಡವರ ಹೆಣ್ಣುಮಕ್ಕಳದಷ್ಟೇ ಏಕೆ?

ನಾನು ಕಂಡ ನಿಜವಾದ ಶರಣಾಗತಿ ನಮ್ಮ ಅಬ್ಬಾನದು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ನಮ್ಮ ಚಳ್ಳಕೆರೆಯೂ ಒಂದು. ಪರಶುರಾಂಪುರದ ಕಡೆ ವೇದಾವತಿ ಎಂಬ ಹೊಳೆಯಿದೆ. ಆದರೆ ಅಬ್ಬಾ ತಮ್ಮ ಜೀವಮಾನದಲ್ಲಿ ಅಲ್ಲಿ ನೀರಿಗಿಂತ ಮರಳನ್ನೇ ಹೆಚ್ಚು ಕಂಡರು. ಮೇಲೆ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಅವರಿಗಿದ್ದದ್ದು ಒಂದಿಷ್ಟು ಒಣಭೂಮಿ, ಒಂದು ಜೊತೆ ಎತ್ತು, ಶೇಂಗಾ. ಮುಂಗಾರಿನಲ್ಲಿ ಹದ ಮಳೆಯಾದ ಮಾರನೆಯ ದಿನವೇ ಕೂರಿಗೆ ಹೂಡುತ್ತಿದ್ದರು. ಪಕ್ಕದ ಹೊಲದ ನಾಯಕರ ಅಜ್ಜ ಬದುವಿನ ಮೇಲಿಂದ “ಏನ್ ಸಾಬ್ರೇ, ಮುಂದಿನ ಮಳೆ ಬರುತ್ತೋ ಇಲ್ವೋ, ಬಿತ್ತೇ ಬಿಟ್ರಲ್ಲ?” ಎಂದು ಕೇಳುತ್ತಿದ್ದ. “ಬಿತ್ತೋದು ನಂದು ಯಜಮಾನ್ರೇ, ಬೆಳೆಸೋದು ಅವನ್ದು” ಎಂಬುದು ಅಬ್ಬಾನ ಉತ್ತರ.

ಇದು ಕೈಚೆಲ್ಲಿದವನ ಮಾತಲ್ಲ. ಶೇಂಗಾದ ನಡುವೆ ಅವರು ತೊಗರಿಯ ಅಕ್ಕಡಿ ಸಾಲು ಬಿಡುತ್ತಿದ್ದರು. ಶೇಂಗಾ ಕೈಕೊಟ್ಟರೂ ತೊಗರಿ ಬಂದೀತು, ತೊಗರಿಯೂ ಹೋದರೆ ಬಳ್ಳಿಯಾದರೂ ಎತ್ತಿನ ಹೊಟ್ಟೆಗಾದೀತು. ಬದು ಕಟ್ಟುತ್ತಿದ್ದರು, ಬೀಜವನ್ನು ಮನೆಯಲ್ಲೇ ಸುಲಿದು ಆರಿಸುತ್ತಿದ್ದರು. ಮನುಷ್ಯನ ಕೈಯಲ್ಲಿರುವುದನ್ನೆಲ್ಲ ಮಾಡಿದ ಮೇಲೆ ಉಳಿಯುವುದು ಆಕಾಶ. ಅದಕ್ಕೆ ಮಾತ್ರ ಅವರು ತಲೆಬಾಗುತ್ತಿದ್ದರು. ಮೊದಲು ಒಂಟೆಯನ್ನು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭಾರ ಹಾಕು ಎಂದು ಪ್ರವಾದಿಯವರು ಒಬ್ಬ ಹಳ್ಳಿಗನಿಗೆ ಹೇಳಿದ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಅಬ್ಬಾ ಅದನ್ನು ಪಾಲಿಸಿದ್ದು ತೊಗರಿ ಸಾಲಿನಲ್ಲಿ.

ಮುಸ್ಲಿಂ ಎಂಬ ಪದಕ್ಕೆ ತನ್ನನ್ನು ಒಪ್ಪಿಸಿಕೊಂಡವನು ಎಂದು ಅರ್ಥ. ಕನ್ನಡದ ಶರಣ ಎಂಬ ಪದಕ್ಕೂ ಹೆಚ್ಚುಕಡಿಮೆ ಅದೇ ಅರ್ಥ. ಒಬ್ಬನಿಗೆ ಶರಣಾದವನು ಮತ್ತೆ ಯಾರಿಗೂ ತಲೆಬಾಗಬೇಕಿಲ್ಲ ಎಂಬುದೇ ಈ ಎರಡೂ ಪದಗಳ ಕಸುವು. 12ನೇ ಶತಮಾನದ ಶರಣರು ದೊರೆಯ ಮುಂದೆ ನಿಲ್ಲಬಲ್ಲವರಾಗಿದ್ದು ಆ ಕಸುವಿನಿಂದಲೇ. ದೇವರಿಗೆ ಸಲ್ಲಬೇಕಾದ ಶರಣಾಗತಿಯನ್ನು ಗಂಡಿನ ಮನೆಯವರು, ಬಡ್ಡಿ ಸಾಹುಕಾರ, ಊರಿನ ಪ್ರಬಲರು ತಮಗೇ ಸಲ್ಲಿಸಿಕೊಂಡರೆ ಅದು ಧರ್ಮವಲ್ಲ, ಬರೀ ದಬ್ಬಾಳಿಕೆ.

ಅಕ್ಕನ ಮಗಳಿಗೂ ಅಷ್ಟೇ ಹೇಳಿದೆ. “ಬಿಡಬೇಕು ಅಂತ ನಿನಗೇ ಅನ್ನಿಸಿದರೆ ಬಿಡು, ಅದು ನಿನ್ನ ಶರಣಾಗತಿ. ಕಟ್ಟೋರೂ ಅವರೇ, ನಗುನಗುತ್ತಾ ಜೋತಾಡು ಅನ್ನೋರೂ ಅವರೇ ಆದ್ರೆ ಅದನ್ನ ನಸೀಬು ಅನ್ನಬೇಡ.” ಅವಳು ಕೆಲಸ ಬಿಡಲಿಲ್ಲ. ಮಾತುಕತೆ ಅಲ್ಲಿಗೇ ನಿಂತಿತು. ಅಕ್ಕನಿಗೆ ನನ್ನ ಮೇಲೆ ಮುನಿಸಿದೆ. ಇರಲಿ.

2022ರಲ್ಲಿ ಕೋಡಿ ಬಿದ್ದ ನೀರು ನೋಡಿ ಸಂಭ್ರಮಪಟ್ಟ ನಮಗೆ ಮರುವರ್ಷವೇ ಬರ ಬಂತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ಸೀಮೆಯಲ್ಲಿ ಜೋತಾಡುವವನ ಚಿತ್ರವನ್ನು ಬರೀ ಸಂಕೇತವೆಂದು ನೋಡಲು ಕಣ್ಣು ಒಪ್ಪುವುದಿಲ್ಲ. ಬೇವಿನ ಮರಕ್ಕೆ, ಮನೆಯ ತೊಲೆಗೆ ಹಾಗೆ ಜೋತುಬಿದ್ದವರ ಮನೆಗೆ ಹೋಗಿ ಮಾತಿಲ್ಲದೆ ಕೂತು ಬಂದವರು ನಾವು. ಅವರ ಮುಖದಲ್ಲಿ ಶಾಂತಿ ಇರಲಿಲ್ಲ, ತಲೆಯ ಸುತ್ತ ಪ್ರಭಾವಳಿಯೂ ಇರಲಿಲ್ಲ. ಅವರೂ ಅಬ್ಬಾನಂತೆಯೇ ಬಿತ್ತಿದವರು, ಬದು ಕಟ್ಟಿದವರು. ಆಕಾಶ ಕೈಕೊಟ್ಟದ್ದನ್ನು ಅವರು ತಡೆದುಕೊಂಡಾರು. ತಡೆಯಲಾಗದೆ ಹೋದದ್ದು ಬಡ್ಡಿಯನ್ನು, ಬಿದ್ದ ಬೆಲೆಯನ್ನು, ಬಾಗಿಲ ಮುಂದೆ ನಿಂತು ಮಾನ ಕಳೆದವರನ್ನು. ಆ ಹಗ್ಗದ ಎಳೆಗಳನ್ನು ಹೊಸೆದ ಕೈಗಳು ಬೇರೆ ಬೇರೆ.

ಆದ್ದರಿಂದ ಪತ್ರಿಕೆಯ ಮಿತ್ರರಲ್ಲಿ ಒಂದು ಕೋರಿಕೆ. ‘ನೇಣಿಗೆ ಶರಣು’ ಎಂಬ ತಲೆಬರಹವನ್ನು ದಯವಿಟ್ಟು ಬಿಡಿ. ಶರಣು ಎಂಬುದು ದೊಡ್ಡ ಮಾತು, ಮನುಷ್ಯ ತಾನಾಗಿಯೇ ಒಪ್ಪಿಸಿಕೊಂಡಾಗ ಆಡುವಂಥದ್ದು. ಆ ರೈತ ಶರಣಾಗಲಿಲ್ಲ. ಅವನನ್ನು ಕಟ್ಟಿಹಾಕಿದ್ದರು.