ಹಳದಿ ದೀಪ ಹತ್ತಿದ ಕಾರು

ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕದ ಗ್ಯಾರೇಜು. ಬೆಳಗಿನ ಒಂಬತ್ತಕ್ಕೇ ತಗಡಿನ ಚಾವಣಿ ಕಾದಿದೆ. ನೀವು ಡ್ರೈವರ್ ಸೀಟಿನಲ್ಲಿ ಬಗ್ಗಿ, ಸ್ಟೇರಿಂಗ್ ಕೆಳಗೆ ಕೈಯಾಡಿಸುತ್ತೀರಿ. ಹದಿನಾರು ಪಿನ್ನಿನ ಸಾಕೆಟ್ ಬೆರಳಿಗೆ ಸಿಗುತ್ತದೆ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಆಕಾರವೇ ಇಲ್ಲೂ ಇದೆ. ಸ್ಕ್ಯಾನರ್ ಚುಚ್ಚಿ ಕೀ ತಿರುಗಿಸುತ್ತೀರಿ. ಪರದೆಯ ಮೇಲೆ ಒಂದೇ ಸಾಲು: ಪಿ0171.

"ಹೋದ ತಿಂಗಳಷ್ಟೇ ಬೇರೆ ಕಡೆ ಆಕ್ಸಿಜನ್ ಸೆನ್ಸರ್ ಹೊಸದು ಹಾಕಿಸಿದೆ ಭಾಯ್, ಮತ್ತೆ ಅದೇ ದೀಪ" ಎನ್ನುತ್ತಾರೆ ಕಾರಿನ ಒಡೆಯರಾದ ಮೇಷ್ಟ್ರು.

ಮೆಕ್ಯಾನಿಕ್ ಭಾಯ್ ಬಾನೆಟ್ ಎತ್ತುತ್ತ ನಿಮಗೆ ಕೂಗಿ ಹೇಳುತ್ತಾರೆ: "ಅಳಿಸಬ್ಯಾಡಪ್ಪಾ, ಮೊದ್ಲು ಫ್ರೀಜ್ ಫ್ರೇಮ್ ಬರ್ಕೋ."

ತೊಂದರೆ ದಾಖಲಾದ ಗಳಿಗೆಯ ಚಿತ್ರ ಅದು. ಆರ್‌ಪಿಎಂ 780, ಕೂಲಂಟ್ 91 ಡಿಗ್ರಿ, ವೇಗ ಸೊನ್ನೆ. ಅಂದರೆ ಕಾರು ಬಿಸಿಯಾಗಿ, ನಿಂತಲ್ಲೇ ಓಡುತ್ತಿತ್ತು.

ಪೆಟ್ರೋಲ್ ಎಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದರೆ ಸೆನ್ಸರ್ ಅದನ್ನು ತಿಳಿಸುತ್ತದೆ, ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತ ಹೋಗುತ್ತದೆ. ಹೆಚ್ಚಿಸುವ ಮಿತಿ ಮುಟ್ಟಿದಾಗ ಪಿ0171 ಬರೆದಿಡುತ್ತದೆ. ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಮೇಷ್ಟ್ರ ದುಡ್ಡಿನಲ್ಲಿ ದೂರು ಕೊಟ್ಟವನನ್ನೇ ಬದಲಿಸಿದ್ದಾರೆ.

ಎಂಜಿನ್ ಸ್ಟಾರ್ಟ್ ಮಾಡಿ. ಬಿಸಿಯಾಗಲಿ. ಈಗ ಲೈವ್ ಡೇಟಾದಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಎಂಬ ಲೆಕ್ಕ, ನೋಡಿ: ಲಾಂಗ್ ಟರ್ಮ್ +21, ಶಾರ್ಟ್ ಟರ್ಮ್ +6.

"2500ಕ್ಕೆ ಎತ್ತು, ಹಂಗೇ ಹಿಡಿ."

ಪೆಡಲ್ ಒತ್ತಿ ಹಿಡಿಯುತ್ತೀರಿ. ಅಂಕಿಗಳು ಒಂದೊಂದಾಗಿ ಇಳಿದು ಲಾಂಗ್ ಟರ್ಮ್ +5ಕ್ಕೆ ನಿಲ್ಲುತ್ತದೆ. ಕಾಲು ತೆಗೆದರೆ ಮತ್ತೆ +21. ಐಡಲ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುವುದರಿಂದ ಮ್ಯಾನಿಫೋಲ್ಡ್ ಜೋರಾಗಿ ಎಳೆಯುತ್ತಿರುತ್ತದೆ. ಎಲ್ಲೋ ಇರುವ ಬಿರುಕಿನಿಂದ, ಏರ್ ಫ್ಲೋ ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ. ಥ್ರಾಟಲ್ ತೆರೆದಾಗ ಆ ಕಳ್ಳಗಾಳಿ ಒಟ್ಟು ಗಾಳಿಯಲ್ಲಿ ಸಣ್ಣ ಪಾಲು. ಫ್ಯುಯೆಲ್ ಪಂಪ್ ಸೋತಿದ್ದರೆ ಇದು ತಿರುಗಾಮುರುಗಾ, ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಅಂಕಿ ಏರಬೇಕಿತ್ತು. ಇಷ್ಟು ತಿಳಿಯಲು ಕೆಲವೇ ನಿಮಿಷ ಸಾಕು. ಅದನ್ನೂ ಮಾಡದೆ ಗಿರಾಕಿಯ ಸಾವಿರಗಟ್ಟಲೆ ರೂಪಾಯಿ ಖರ್ಚು ಮಾಡಿಸುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಕೆಳಗಿಳಿದು ಬಾನೆಟ್ ಹತ್ತಿರ ಬನ್ನಿ. ಕಿವಿಗೊಟ್ಟರೆ ಫ್ಯಾನ್ ಸದ್ದಿನ ನಡುವೆ, ಮುಚ್ಚಳ ಸರಿಯಾಗಿ ಕೂರದ ಕುಕ್ಕರಿನಂತೆ ಸಣ್ಣ ಸುಯ್ ಎಂಬ ಸದ್ದು. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು ಹುಡುಕುವವರಿದ್ದಾರೆ, ಆದರೆ ಅದು ಹೊತ್ತಿಕೊಳ್ಳುವ ವಸ್ತು, ಎಂಜಿನ್ ಬಿಸಿ ಇದೆ. ಭಾಯ್ ನೀರಿನ ಸ್ಪ್ರೇ ಬಾಟಲಿ ತೆಗೆದುಕೊಂಡು, ಕಾಯಿಲ್‌ಗಳನ್ನು ತಪ್ಪಿಸಿ, ರಬ್ಬರ್ ಜೋಡಣೆಗಳ ಮೇಲೆ ಒಂದೊಂದಾಗಿ ಚಿಮುಕಿಸುತ್ತಾರೆ. ಗ್ಯಾಸ್ಕೆಟ್ ಅಂಚು: ಏನೂ ಇಲ್ಲ. ಬ್ರೇಕ್ ಬೂಸ್ಟರ್ ಪೈಪ್: ಇಲ್ಲ. ಬ್ರೀದರ್ ಪೈಪಿನ ತಿರುವು: ಸುಯ್ ಸದ್ದು ನಿಂತು ಎಂಜಿನ್ ಒಮ್ಮೆ ತಡವರಿಸುತ್ತದೆ.

ಎಂಜಿನ್ ಆಫ್ ಮಾಡಿ, ತಣಿದ ಮೇಲೆ ಪೈಪ್ ಬಿಚ್ಚಿ ನಿಮ್ಮ ಕೈಗಿಡುತ್ತಾರೆ. ತಿರುವಿನ ಅಡಿಭಾಗ ಎಣ್ಣೆ ಕುಡಿದು ಮೆತ್ತಗಾಗಿದೆ. ನೇರ ಹಿಡಿದರೆ ಏನೂ ಕಾಣದು. ಬಗ್ಗಿಸಿದರೆ ಕಿರುಬೆರಳ ಉಗುರಿನಗಲ ಸೀಳು ಬಾಯಿ ಬಿಡುತ್ತದೆ.

ಹೊಸ ಪೈಪ್ ಬಂತು, ಕ್ಲಿಪ್ ಬಿಗಿಯಾಯಿತು. ಈಗ ಕೋಡ್ ಅಳಿಸಿ. ಐಡಲ್‌ನಲ್ಲಿ ಶಾರ್ಟ್ ಟರ್ಮ್ +2ರ ಆಸುಪಾಸಿನಲ್ಲಿ ಆಡುತ್ತಿದೆ.

"ದೀಪ ಆರ್ತಲ್ಲ, ಮುಗೀತಾ?" ಮೇಷ್ಟ್ರು ಕೇಳುತ್ತಾರೆ.

"ಅಳಿಸಿದ್ರೆ ದೀಪ ಆರೇ ಆರ್ತೈತೆ ಮೇಷ್ಟ್ರೇ. ಒಂದೆರಡು ದಿನ ಊರೊಳಗೆ, ಹೈವೇನಾಗೆ ಎರಡೂ ಕಡೆ ಓಡ್ಸಿ. ತೊಂದ್ರೆ ಉಳಿದಿದ್ರೆ ದೀಪ ಹತ್ತೋಕೆ ಮುಂಚೆ ಕೋಡು ಪೆಂಡಿಂಗ್‌ನಾಗೆ ಬಂದು ಕೂತಿರ್ತೈತೆ. ಶನಿವಾರ ತಗಂಡ್ ಬನ್ನಿ, ಅದನ್ನೂ ನೋಡಿಬಿಡಾನ. ಈಗ ಪೈಪಿನ ದುಡ್ಡಷ್ಟೇ ಕೊಡ್ರಿ."