ದೂರದ ಬ್ಯಾಟರಿ, ದಪ್ಪನೆಯ ತಂತಿ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ಪಾಲು ಮಾಡಲಾಗದೆ ಉಳಿದದ್ದು 1972ರ ಅಂಬಾಸಿಡರ್ ಮಾರ್ಕ್ 2 ಕಾರೊಂದೇ. ಸೊಲ್ಲಾಪುರದಲ್ಲಿ ನೂಲಿನ ವ್ಯಾಪಾರ ಮಾಡಿಕೊಂಡಿದ್ದ ಅವರು ಅದನ್ನು ಬೇರೊಬ್ಬರಿಂದ ಕೊಂಡಿದ್ದರು. ವಾರದ ಆರು ದಿನ ಅದರ ಡಿಕ್ಕಿಯಲ್ಲಿ ನೂಲಿನ ಗಂಟುಗಳಿರುತ್ತಿದ್ದವು. ಏಳನೆಯ ದಿನ ಕನ್ನಡ ಪುಸ್ತಕಗಳ ಕಟ್ಟು, ಸಭೆಯ ಜಮಖಾನೆ, ಧ್ವನಿವರ್ಧಕ. ಅಕ್ಕಲಕೋಟೆ, ಜತ್ತದ ಕಡೆಯ ಹಳ್ಳಿಗಳಲ್ಲಿ ಆ ಕಾರು ಕಂಡರೆ ಕನ್ನಡದ ಕಾರ್ಯಕ್ರಮವಿದೆಯೆಂದು ಜನ ತಿಳಿಯುತ್ತಿದ್ದರು. ಹೀಗಾಗಿ ಅದನ್ನು ಮಾರಲು ನಮ್ಮ ಮೂವರು ಸಹೋದರರಲ್ಲಿ ಯಾರಿಗೂ ಮನಸ್ಸಾಗಲಿಲ್ಲ.

ಮನಸ್ಸಿಲ್ಲದಿದ್ದರೂ ಮಾರುವ ಪ್ರಸಂಗ ಬಂದಿತ್ತು. ಬಾನೆಟ್ಟಿನಡಿಯಲ್ಲಿ ಬ್ಯಾಟರಿ ಕೂರುವ ತಟ್ಟೆಯನ್ನು ಆಮ್ಲದ ಆವಿ ವರ್ಷಗಳಿಂದ ತಿಂದುಹಾಕಿತ್ತು. ತುಕ್ಕು ತಟ್ಟೆಯನ್ನು ದಾಟಿ ಬಾಡಿಯ ತಗಡಿಗೂ ಹಬ್ಬಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ನಮ್ಮೂರಿನ ಬಿಸಿಲಿಗೆ ಇಂಜಿನ್ನಿನ ಕಾವೂ ಸೇರಿ ಬ್ಯಾಟರಿಗಳು ಬೇಗನೆ ಸಾಯುತ್ತಿದ್ದವು. ಸೀಸ-ಆಮ್ಲದ ಬ್ಯಾಟರಿಗೆ ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಬಲ್ಲವರ ಲೆಕ್ಕ. ಬ್ಯಾಟರಿಯನ್ನು ಹಿಂದಿನ ಡಿಕ್ಕಿಗೆ ಸಾಗಿಸುವುದೇ ಸರಿಯೆಂದು ಮಿಸ್ತ್ರಿ ಸೂಚಿಸಿದರು.

ಮನೆಯಲ್ಲಿ ಎರಡು ಪಕ್ಷಗಳಾದವು. ತಂದೆಯವರು ಇಟ್ಟದ್ದನ್ನು ಇಟ್ಟಲ್ಲಿಂದ ಕದಲಿಸಬಾರದೆಂದು ಹಿರಿಯಣ್ಣನ ವಾದ. ಅದಕ್ಕೆ ಕಾನೂನಿನ ಆಧಾರವೂ ಇತ್ತು: 2021ರ ಕೇಂದ್ರ ನಿಯಮವು 50 ವರ್ಷ ಮೀರಿ, ಮೂಲರೂಪವನ್ನು ಉಳಿಸಿಕೊಂಡು, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಕಾಣದ ವಾಹನವನ್ನು ವಿಂಟೇಜ್ ಎಂದು ಗುರುತಿಸುತ್ತದೆ. ಓಡದ ಕಾರನ್ನು ಮೂಲರೂಪದಲ್ಲಿಟ್ಟು ಫಲವೇನೆಂದು ಕಿರಿಯರು ಕೇಳಿದರು. ಅವ್ವನ ಚಿಂತೆಯೇ ಬೇರೆ. "ಡಿಕ್ಕ್ಯಾಗ ಬ್ಯಾಟರಿ ಇಟ್ರ ಪುಸ್ತಕ ಎಲ್ಲಿಡ್ತೀರಿ?" ಎಂದಳು. "ಅವ್ವಾರ, ಅದು ಒಂದು ಮೂಲ್ಯಾಗ ಕೂಡ್ತದ್ರಿ. ಉಳದದ್ದೆಲ್ಲಾ ನಿಮ್ಮ ಪುಸ್ತಕಕ್ಕ," ಎಂದು ಮಿಸ್ತ್ರಿ ಭರವಸೆಯಿತ್ತರು.

ಅಣ್ಣನನ್ನು ಒಪ್ಪಿಸಿದ್ದು ಇತಿಹಾಸ. ನಮ್ಮ ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿ. ಅದೇ ಮಾರಿಸ್ ಹೆಸರಿನಲ್ಲಿಯೂ 1959ರಲ್ಲಿ ಮಾರುಕಟ್ಟೆಗೆ ಬಂದ ಪುಟ್ಟ ಮಿನಿ ಕಾರಿಗೆ ಅಲೆಕ್ ಇಸಿಗೋನಿಸ್ ಬ್ಯಾಟರಿಯನ್ನು ಡಿಕ್ಕಿಯಲ್ಲಿಯೇ ಇರಿಸಿದ್ದರು. ಕುಲಾಚಾರಕ್ಕೆ ವಿರುದ್ಧವಲ್ಲವೆಂದು ತಿಳಿದ ಮೇಲೆ ಅಣ್ಣ ಎರಡು ಕರಾರುಗಳನ್ನು ಹಾಕಿದನು: ಬಾಡಿಗೆ ಹೊಸ ರಂಧ್ರ ಕೊರೆಯಕೂಡದು, ಮಾಡಿದ್ದೆಲ್ಲವನ್ನೂ ಮುಂದೆ ಬಿಚ್ಚಿ ಮೊದಲಿನಂತೆ ಮಾಡಲು ಬರಬೇಕು.

ಕೆಲಸಕ್ಕೆ ಇಳಿದ ಬಳಿಕ ನಾವು ಕಲಿತದ್ದು ಬಹಳ. ಸ್ಟಾರ್ಟರ್ ಮೋಟಾರು ಇಂಜಿನ್ನನ್ನು ತಿರುಗಿಸುವ ಕ್ಷಣದಲ್ಲಿ 200 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆಂದು ಇಟ್ಟುಕೊಳ್ಳೋಣ. 4 ಮೀಟರ್ ಉದ್ದದ, 16 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಹಾಕಿದರೆ ದಾರಿಯಲ್ಲಿಯೇ ಸುಮಾರು 0.9 ವೋಲ್ಟ್ ಸೋರಿಹೋಗುತ್ತದೆ. 12 ವೋಲ್ಟಿನ ವ್ಯವಸ್ಥೆಗೆ ಇದು ಸಣ್ಣ ನಷ್ಟವಲ್ಲ. ಅದೇ ಉದ್ದಕ್ಕೆ 50 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.3 ವೋಲ್ಟಿಗಿಂತ ಕಡಿಮೆ. ನಾವು ದಪ್ಪನೆಯದನ್ನೇ ತಂದೆವು.

ತಂತಿಯನ್ನು ಸೈಲೆನ್ಸರಿನ ಕೊಳವೆಯಿಂದಲೂ ಪೆಟ್ರೋಲ್ ಪೈಪಿನಿಂದಲೂ ದೂರವಿರಿಸಿ, ಮೊದಲೇ ಇದ್ದ ರಂಧ್ರಗಳ ಮೂಲಕ ಹಾಯಿಸಿ, ತಗಡಿನ ಅಂಚು ಕೊರೆಯದಂತೆ ರಬ್ಬರಿನ ಬಳೆ ತೊಡಿಸಿದೆವು. ಬ್ಯಾಟರಿಯಿಂದ ಗೇಣುದೂರದಲ್ಲಿಯೇ ಫ್ಯೂಸ್ ಮತ್ತು ಮುಖ್ಯ ಸ್ವಿಚ್ಚು ಕೂಡಿಸಿದೆವು. ಎಲ್ಲಿಯಾದರೂ ತಂತಿ ಸವೆದು ಬಾಡಿಗೆ ತಾಗಿದರೆ ಬೆಂಕಿ ಹತ್ತುವ ಮುನ್ನವೇ ಸಂಪರ್ಕ ಕಡಿಯಬೇಕಲ್ಲವೇ? ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟಾದರೆ ಒಂದು ಕಿಡಿ ಸಾಕು. ಆದ್ದರಿಂದ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಬ್ಯಾಟರಿಯನ್ನು ಬಿಗಿದು, ಆವಿ ಹೊರಹೋಗಲು ಕೊಳವೆಯನ್ನು ಡಿಕ್ಕಿಯಿಂದ ಆಚೆಗೆ ಬಿಟ್ಟೆವು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅರ್ಥಿಂಗ್. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನಾಗ್ರವನ್ನೇ ಬಾಡಿಗೆ ಜೋಡಿಸುತ್ತಿದ್ದುದರಿಂದ, ನಮ್ಮದರಲ್ಲಿ ಋಣಾಗ್ರವೆಂಬುದನ್ನು ಮೊದಲು ಖಚಿತಪಡಿಸಿಕೊಂಡೆವು. ಅನಂತರ ಡಿಕ್ಕಿಯೊಳಗೆ ಬೋಲ್ಟು ಕೂರುವ ಜಾಗದ ಬಣ್ಣವನ್ನು ಲೋಹ ಹೊಳೆಯುವವರೆಗೂ ಕೆರೆದೆವು. ಮುಂದೆ ಇಂಜಿನ್ನಿಗೂ ಬಾಡಿಗೂ ನಡುವೆ ತಾಮ್ರದ ಹೊಸ ಪಟ್ಟಿ ಬಿಗಿದೆವು. "ಬಣ್ಣದ ಮ್ಯಾಲೆ ಬೋಲ್ಟ್ ಕುಂತ್ರ ನೋಡಾಕ ಛಂದ, ಕರೆಂಟ್ ಮಾತ್ರ ದಾಟಂಗಿಲ್ರಿ," ಎಂದರು ಮಿಸ್ತ್ರಿ.

ಆ ಮಾತು ನಮ್ಮಲ್ಲಿ ಉಳಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಈಚೆಗೆ ಗಡಿಯಾಚೆ ಉಳಿದ ನಮ್ಮಂಥವರ ಸ್ಥಿತಿಯೂ ಇಂಥದ್ದೇ. ಶಕ್ತಿಯ ಮೂಲ ದೂರವಾದಷ್ಟೂ ತಂತಿ ದಪ್ಪವಾಗಬೇಕು. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ತೆಳುವಾದ ಎಳೆಯೊಂದು ಸಾಕಾದೀತು. ಇಲ್ಲಿ ಶಾಲೆ, ಸಂಘ, ಮನೆಮಾತು ಎಲ್ಲವೂ ಹುರಿಗೊಳ್ಳಬೇಕು. ಇಲ್ಲವಾದರೆ ದಾರಿಯಲ್ಲಿ ಸೋರಿದ್ದು ಯಾರ ಗಮನಕ್ಕೂ ಬಾರದೆ ಮಕ್ಕಳನ್ನು ಮುಟ್ಟುವ ಹೊತ್ತಿಗೆ ಕನ್ನಡ ಬರಿಯ ಗುನುಗಾಗುತ್ತದೆ. ಅಷ್ಟೇ ಮುಖ್ಯವಾದದ್ದು ನಾವಿರುವ ನೆಲದ ಸಂಪರ್ಕ. ಸಿದ್ಧರಾಮೇಶ್ವರರ ಈ ಊರಿನಲ್ಲಿ ಮರಾಠಿ, ತೆಲುಗು ನೆರೆಹೊರೆಯವರೊಡನೆ ತುಕ್ಕಿಲ್ಲದ ನಂಟಿಲ್ಲದಿದ್ದರೆ ಎಷ್ಟು ದಪ್ಪ ತಂತಿಯಿದ್ದರೂ ವೃತ್ತ ಪೂರ್ಣವಾಗದು.

15 ಕಿಲೋ ಭಾರ ಹಿಂದಕ್ಕೆ ಹೋದುದರಿಂದ ಕಾರಿನ ಓಟದಲ್ಲಿ ನಮಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಬೇಸಿಗೆಯ ಮಧ್ಯಾಹ್ನವೂ ಒಂದೇ ಬಾರಿಗೆ ಚಾಲೂ ಆಗುತ್ತದೆ. ಮುಂದಿನ ತಟ್ಟೆಯ ತುಕ್ಕು ತೆಗೆದು ಬಣ್ಣ ಬಳಿದು, ಎಂದಾದರೂ ಬೇಕಾದೀತೆಂದು ಹಾಗೆಯೇ ಬಿಟ್ಟಿದ್ದೇವೆ.

ತಂತಿ ಸಾಗಿದ ದಾರಿಯ ನಕ್ಷೆಯೊಂದನ್ನು ಬರೆದು ಡಿಕ್ಕಿಯ ಮುಚ್ಚಳದ ಒಳಬದಿಗೆ ಅಂಟಿಸಿದೆವು. ಮೊದಲು ಕನ್ನಡದಲ್ಲಷ್ಟೇ ಬರೆದಿದ್ದೆವು. ಮರಾಠಿ ಶಾಲೆಯಲ್ಲಿ ಓದುವ ಅಣ್ಣನ ಮೊಮ್ಮಗಳು ಅದನ್ನು ನೋಡಿ, "ಅಜ್ಜಾ, ಮುಂದ ರಿಪೇರಿ ಮಾಡೋರಿಗೆ ಓದಾಕ ಬರಬೇಕಲ್ಲ?" ಎಂದು ಕೇಳಿದಳು. ಅವಳ ಕೈಯಿಂದಲೇ ಕೆಳಗೆ ಮರಾಠಿಯಲ್ಲಿಯೂ ಬರೆಸಿದೆವು. ಬರೆಯುವುದಕ್ಕೆ ಅವಳು ಮೊದಲು ಕನ್ನಡದ ಸಾಲುಗಳನ್ನು ಓದಬೇಕಾಯಿತು. ಅಕ್ಷರ ಅಕ್ಷರ ಕೂಡಿಸಿ, ಒಂದು ಸಂಜೆ ಪೂರ್ತಿ ಕುಳಿತು ಓದಿದಳು.